ಒಂದರ ಎಡಗಡೆ

ನಿಮ್ಮ ಅವ್ವ ಪಿಯುಸಿಯಲ್ಲಿ ಲೆಕ್ಕಕ್ಕೆ ಫೇಲಾದ ವರ್ಷ ನಾವು ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿದ್ದೆವು. ನಿಮ್ಮ ತಾತ ತೀರಿಹೋಗಿದ್ದರು. ನಾನು ಹೂ ಕಟ್ಟಿ ಕಮ್ಮನಹಳ್ಳಿಯ ಅಂಗಡಿಗಳಿಗೆ ಕೊಡುತ್ತಿದ್ದೆ. ಅವಳೂ ಕಟ್ಟುತ್ತಿದ್ದಳು, ಒಂದು ಮಲ್ಲಿಗೆ, ಒಂದು ಕನಕಾಂಬರ, ಕೈ ನೋಡದೆಯೇ.

ರಾಯಚೂರು ಕಡೆಯಿಂದ ನನ್ನ ಅಣ್ಣ ಬಂದ. ಅವಳಿಗೆ ಗಂಡು ಗೊತ್ತುಮಾಡಿಯೇ ಬಂದಿದ್ದ. ಅವಳಿಗೋ ಮತ್ತೆ ಪರೀಕ್ಷೆ ಕಟ್ಟುವ ಆಸೆ. ಬೆನ್ಸನ್ ಟೌನಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಒಂದು ಲೆಕ್ಕ ಕೊಟ್ಟು ನೋಡಿ, ಒಪ್ಪಿಗೆಯಾದವರಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು.

"ಅವರು ತಗೊಂಡ್ರ ಓದ್ಲಿ. ಬ್ಯಾಡಂದ್ರ ಸಂಜಿ ಗಾಡಿಗೆ ನನ್ನ ಸಂಗಾಟ ಬರ್ತಾಳ," ಅಂದ ಅಣ್ಣ. ನಾನು ತಲೆ ತಗ್ಗಿಸಿದೆ.

ಮೇಷ್ಟ್ರ ವರಾಂಡದಲ್ಲಿ ಅಣ್ಣ ಕುರ್ಚಿ ಹಿಡಿದ. ನಾನು ಹೂವಿನ ಬುಟ್ಟಿಯೊಂದಿಗೆ ಮೆಟ್ಟಿಲ ಮೇಲೆ ಕೂತೆ. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದರು: (x − 1)²(x − 4) < 0. x ಎಲ್ಲೆಲ್ಲಿದ್ದರೆ ಉತ್ತರ ಸೊನ್ನೆಗಿಂತ ಕೆಳಗಿರುತ್ತದೆ, ಹೇಳಬೇಕು. ಅವಳು ಉದ್ದಕ್ಕೆ ಗೆರೆ ಎಳೆದು ಒಂದು, ನಾಲ್ಕು ಎಂದು ಎರಡು ಚುಕ್ಕೆ ಇಟ್ಟಳು. ಅಲ್ಲಿ ಉತ್ತರ ಸೊನ್ನೆಯಂತೆ. ಗೆರೆ ಮೂರು ತುಂಡಾಯಿತು. ಬಲಗಡೆಯ ತುಂಡಿನಿಂದ ಐದನ್ನು ಹಾಕಿ ನೋಡಿದಳು, ಪ್ಲಸ್ ಬಂತು. ಆಮೇಲೆ ಕೈ ನಿಲ್ಲಲೇ ಇಲ್ಲ. ನಡುವಿಗೆ ಮೈನಸ್, ಎಡಕ್ಕೆ ಪ್ಲಸ್.

"ಎಡಗಡೆ ಪ್ಲಸ್ ಅಂತ ಯಾರು ಹೇಳಿದ್ರು?"

"ಒಂದು ಬಿಟ್ಟು ಒಂದು ಬರುತ್ತಲ್ವಾ ಸರ್."

"ಲೆಕ್ಕ ಮಾಡ್ತಿದ್ದೀಯೋ, ನಿಮ್ಮಮ್ಮನ ಜೊತೆ ಹೂ ಕಟ್ತಿದ್ದೀಯೋ?"

ಅಣ್ಣ ನಕ್ಕು ಚೀಲ ಹೆಗಲಿಗೇರಿಸಿದ. ನನ್ನ ಬೆರಳು ನೂಲಿನಲ್ಲೇ ನಿಂತವು. ಅವಳು ನನ್ನ ಮಡಿಲಿನ ಮಾಲೆಯನ್ನು ನೋಡಿದಳು, ಬಿಳಿ, ಕೇಸರಿ, ಬಿಳಿ, ಕೇಸರಿ.

"ಎಡಗಡೆಯಿಂದಲೂ ಒಂದು ಸಂಖ್ಯೆ ಹಾಕಿ ನೋಡ್ಲಾ ಸರ್?"

"ಅದನ್ನ ನನ್ನ ಯಾಕೆ ಕೇಳ್ತೀಯ?"

ಸೊನ್ನೆಯನ್ನು ಹಾಕಿದಳು. ಮೈನಸ್ ಒಂದರ ವರ್ಗ ಒಂದು, ಅದಕ್ಕೆ ಮೈನಸ್ ನಾಲ್ಕು ಗುಣಿಸಿದರೆ ಮೈನಸ್ ನಾಲ್ಕು. ಅಂಗೈಯಿಂದಲೇ ಪ್ಲಸ್ ಒರೆಸಿದಳು. ವರ್ಗವಿರುವ ಚುಕ್ಕೆಯನ್ನು ದಾಟಿದರೆ ಚಿಹ್ನೆ ಬದಲಾಗುವುದಿಲ್ಲವೆಂದು ಅವಳು ನನಗೆ ಬಿಡಿಸಿ ಹೇಳಿದ್ದು ಎಷ್ಟೋ ದಿನದ ಮೇಲೆ.

"ನಾಲ್ಕಕ್ಕಿಂತ ಚಿಕ್ಕದೆಲ್ಲಾ ಸರ್. ಒಂದನ್ನ ಬಿಟ್ಟು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಸೋಮವಾರ ಬಾ. ಪ್ರತಿ ತುಂಡನ್ನೂ ನೋಡದೆ ಚಿಹ್ನೆ ಹಾಕಿದ್ರೆ ವಾಪಸ್ ಕಳಿಸ್ತೀನಿ."

ಗೇಟಿನ ಹೊರಗೆ ಅಣ್ಣ, "ತಪ್ಪು ಮಾಡಿದ್ಲಲ್ಲ," ಅಂದ.

"ತಾನಾ ತಿದ್ಕೊಂಡ್ಳಲ್ಲಣ್ಣಾ. ಗಾಡಿಗೆ ಹೊತ್ತಾಯ್ತು, ನೀ ಹೋಗು."

ಅವನೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಅವನು ಒಬ್ಬನೇ ಹೋದ.