ಅರಿಷಿಣವೇ ಅಂದುಕೊಂಡಿದ್ದು

ಗುಲ್ಫಶಾ ನರ್ಸಿಂಗ್ ಪಾಸಾಗಿ ರಾಯಚೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿ ತಿಂಗಳಾಗಿತ್ತು. ಹೊಸಬರನ್ನು ಒಂದೊಂದು ವಾರ್ಡಿನಲ್ಲೂ ಒಂದೊಂದು ವಾರ ತಿರುಗಿಸಿ, ಕೊನೆಗೆ ‘ಎಲ್ಲಿರುತ್ತೀ, ನೀನೇ ಬರೆದುಕೊಡು’ ಎನ್ನುವುದು ಅಲ್ಲಿನ ಪದ್ಧತಿ. ಕೇಳಲು ಎಷ್ಟು ಚೆಂದ, ಬರೆಯುವವಳ ಪಾಡು ಬರೆಯುವವಳಿಗೇ ಗೊತ್ತು. ಸಂಜೆ ಐದರೊಳಗೆ ಚೀಟಿ ಕೊಡಬೇಕಿತ್ತು. ನಾಲ್ಕೂವರೆಯಾದರೂ ಅವಳ ಚೀಟಿ ಖಾಲಿಯೇ ಇತ್ತು.

ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿರುವ ಅಪ್ಪ ಶಕೀಲ್ ಬೆಳಗ್ಗೆಯಿಂದ ಮೂರು ಸಲ ಫೋನು ಮಾಡಿ, “ಓಪಿಡೀಚ್ ಲಿಖ್ ದೇ ಬೇಟಾ,” ಓಪಿಡಿ ಅಂತಲೇ ಬರೆದುಕೊಡು ಮಗಳೇ, ಅಂದಿದ್ದ. ಹೊರರೋಗಿಗಳ ವಿಭಾಗವೆಂದರೆ ಬಿಪಿ ನೋಡು, ಹೆಸರು ಕೂಗು, ಸಂಜೆಗೆ ರೂಮು ಸೇರು. ಗುಲ್ಫಶಾಗೂ ಈಗ ಅದೇ ಬೇಕಾಗಿತ್ತು. ಓದುವಾಗೆಲ್ಲ ಕೂಸುಗಳ ವಾರ್ಡು, ಕೂಸುಗಳ ವಾರ್ಡು ಎಂದು ಜಪ ಮಾಡಿದವಳು ಇವಳೇ. ನಾಲ್ಕು ದಿನದ ಹಿಂದೆ ಆ ಜಪ ನಿಂತುಹೋಗಿತ್ತು.

ಅವತ್ತು, ಅವಳು ಕೂಸುಗಳ ವಾರ್ಡಿನಲ್ಲಿದ್ದಾಗ, ದೇವದುರ್ಗದ ಕಡೆಯ ಹಳ್ಳಿ ಗೂಗಲ್‌ನಿಂದ ಬೂದೆಮ್ಮ ಎಂಬ ಅಜ್ಜಿ ಐದು ದಿನದ ಮೊಮ್ಮಗನನ್ನು ಎದೆಗವಚಿಕೊಂಡು ಬಂದಿದ್ದಳು. ಕೂಸು ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ. ಬಟ್ಟೆ ಬಿಚ್ಚಿದರೆ ಮೈಯೆಲ್ಲ ಹಳದಿ.

“ಅರಿಷಿಣ ಹಚ್ಚಿ ಎರದೀನಿ ಯವ್ವಾ,” ಎಂದಿದ್ದಳು ಬೂದೆಮ್ಮ.

ಗುಲ್ಫಶಾ ತಲೆಯಾಡಿಸಿದಳು. ಅವಳ ಅಜ್ಜಿಯೂ ಮನೆಯ ಕೂಸುಗಳಿಗೆ ಹಾಗೇ ಹಚ್ಚಿ ಎರೆಯುತ್ತಿದ್ದಳು. ಅಷ್ಟು ಗುರುತಿನ ಹಳದಿಯನ್ನು ಇನ್ನೇನು ನೋಡುವುದು ಎಂದುಕೊಂಡು, ಹಾಳೆಯಲ್ಲಿ ‘ಚರ್ಮ: ಸಹಜ’ ಎಂದು ಬರೆದಳು. ಡಾಕ್ಟರು ತುರ್ತು ಹೆರಿಗೆಯೊಂದರಲ್ಲಿ ಸಿಕ್ಕಿಕೊಂಡಿದ್ದರು. ನಡುವೆ ಒಮ್ಮೆ ಬಂದು ಹಾಳೆಯಷ್ಟೇ ನೋಡಿ, ಈ ಕೂಸಿಗೆ ಅವಸರವಿಲ್ಲ ಎಂದು ಮತ್ತೆ ಅತ್ತ ಹೋದರು.

ಆರು ತಾಸು ಕಳೆದ ಮೇಲೆ ವಾರ್ಡಿನ ಹಿರಿಯ ಸಿಸ್ಟರ್ ಕನಕಮ್ಮ ಬಂದು, ಒದ್ದೆ ಹತ್ತಿಯಿಂದ ಕೂಸಿನ ಎದೆ ಒರೆಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. “ಅರಿಷಿಣ ಆಗಿದ್ರ ಒರಸಿದ್ರ ಹೋಗ್ತದ. ಇದು ಹೋಗಾಕತ್ತಿಲ್ಲ, ನೋಡು.”

ಅದು ಕಾಮಣಿ, ಕಾಮಾಲೆ ರೋಗ. ಕೂಸನ್ನು ಅದನ್ನಿಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು. ಇನ್ನೊಂದು ರಾತ್ರಿ ತಡವಾಗಿದ್ದರೆ ಮಿದುಳಿಗೆ ಏರುತ್ತಿತ್ತು ಎಂದರು ಡಾಕ್ಟರು. ಕನಕಮ್ಮ ಬೈಯಲಿಲ್ಲ, ಮೇಲಿನವರಿಗೂ ಹೇಳಲಿಲ್ಲ. ಬೈದಿದ್ದರೆ ಒಂದು ಸಲ ಅತ್ತು ಹಗುರಾಗುತ್ತಿದ್ದಳೋ ಏನೋ. ಅಲ್ಲಿಂದೀಚೆಗೆ ಯಾವ ಕೂಸನ್ನು ನಾಲ್ಕು ಸಲ ಒರೆಸಿ ನೋಡಿದರೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಊಟದ ತಟ್ಟೆಯಲ್ಲಿ ಹಳದಿ ಬೇಳೆ ಕಂಡರೂ ಪಕ್ಕಕ್ಕೆ ಸರಿಸುತ್ತಿದ್ದಳು.

ಇವತ್ತು ಕೊನೆಗೆ ಓಪಿಡಿ ಎಂದೇ ಬರೆಯೋಣವೆಂದು ಪೆನ್ನು ಹುಡುಕುತ್ತ ಅವಳು ಕೂಸುಗಳ ವಾರ್ಡಿನ ವರಾಂಡಕ್ಕೆ ಬಂದಾಗ ಜಗಳ ಕೇಳಿಸಿತು. ಆ ಕೂಸಿನ ಅಪ್ಪ ಗದ್ದೆಪ್ಪ ತನ್ನ ತಾಯಿಯ ಮುಂದೆ ನಿಂತಿದ್ದ.

“ಬ್ಯಾಡಬೇ ಬ್ಯಾಡಬೇ ಅಂದ್ರೂ ಕೇಳಲಿಲ್ಲ. ನಿನ್ನ ಅರಿಷಿಣನ ಕೂಸಿನ ಮೈಯಾಗ ಇಳದು ಕಾಮಣಿ ಆಗ್ಯಾದ. ಇನ್ನ ಮ್ಯಾಲ ಅದನ್ನ ಮುಟ್ಟಬ್ಯಾಡ ನೀ.”

ಬೂದೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಮುಂದಿದ್ದ ರೊಟ್ಟಿಯ ಗಂಟು ಬಿಚ್ಚಿರಲೇ ಇಲ್ಲ. ತನ್ನ ಕೈಯಾರೆ ಮೊಮ್ಮಗನಿಗೆ ವಿಷ ಹಚ್ಚಿದೆನೆಂದು ಆ ಮುದುಕಿ ನಂಬಿಬಿಟ್ಟಿದ್ದಳು.

ಗುಲ್ಫಶಾ ಸುಮ್ಮನೆ ಮೆಟ್ಟಿಲಿಳಿದು ಹೋಗಿದ್ದರೆ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಎರಡು ಮೆಟ್ಟಿಲು ಇಳಿದೂ ಇಳಿದಳು, ಸುಳ್ಳೇಕೆ. ಆಮೇಲೆ ಅದೇನಾಯಿತೋ, ವಾಪಸು ಬಂದು ಬೂದೆಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅರಿಷಿಣದಿಂದ ಕಾಮಣಿ ಬರಂಗಿಲ್ಲ ಯವ್ವಾ. ಅದು ಮೊದಲ ಇತ್ತು. ಅರಿಷಿಣದಾಗ ಮುಚ್ಚಿತ್ತು, ಅಷ್ಟ. ಒರಸಿ ನೋಡೋದು ನನ್ನ ಕೆಲಸ ಆಗಿತ್ತು. ನಾ ನೋಡಲಿಲ್ಲ. ಆರು ತಾಸು ನನ್ನಿಂದ ತಡ ಆತು.”

ಬೂದೆಮ್ಮ ಅವಳ ಮುಖವನ್ನೇ ನೋಡಿದಳು. “ನಾ ಮಾಡಿದ್ದಲ್ಲೇನ ಯವ್ವಾ?” ಎಂದು ಎರಡು ಸಲ ಕೇಳಿದಳು. ಎರಡನೆಯ ಸಲಕ್ಕೆ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು.

ಗದ್ದೆಪ್ಪನ ಸಿಟ್ಟು ಈಗ ಇತ್ತ ತಿರುಗಿತು. ಜೇಬಿನಿಂದ ಮೊಬೈಲು ತೆಗೆದ. “ನಿನ್ನ ಹೆಸರೇನು? ದೊಡ್ಡ ಡಾಕ್ಟರಿಗೆ ಹೇಳ್ತೀನಿ.”

“ಗುಲ್ಫಶಾ.”

“ಯಾವ ವಾರ್ಡಿನಾಕಿ?”

ಅವಳ ಕೈಯಲ್ಲಿ ಚೀಟಿ ಇನ್ನೂ ಖಾಲಿಯೇ ಇತ್ತು. ಗೋಡೆ ಹಿಡಿದು ಎದ್ದು ನಿಂತಳು.

“ಇದ ವಾರ್ಡರೀ,” ಅಂದಳು. “ಕೂಸುಗಳ ವಾರ್ಡು. ಬರಕೊಳ್ರಿ.”