ಭತ್ತದ ಅಂಚಿನಲ್ಲಿ ಪುಟ್ಟ ನಾಯಿ

ಹದ್ದು ಎತ್ತಿಕೊಂಡು ಹೋಗಬಹುದು. ಬೀದಿನಾಯಿಗಳು ಹರಿದು ಹಾಕಬಹುದು. ಕಾಲುವೆಗೆ ಜಾರಬಹುದು, ಟ್ರ್ಯಾಕ್ಟರಿನ ಗಾಲಿಗೆ ಸಿಗಬಹುದು. ಮಗಳು ತಂದ ನಾಯಿ ಬೆಕ್ಕಿಗಿಂತ ಚಿಕ್ಕದು. ಅದನ್ನು ಹೊರಗೆ ಕರೆದೊಯ್ಯುವ ಮುಂಚೆ ನಾನು ಇಷ್ಟನ್ನೂ ಯೋಚಿಸಿ ಬೆವರುತ್ತೇನೆ. "ಹದ್ದು ಬಂದ್ರ ಮೊದಲ ನಿಮ್ಮನ್ನ ಹೊತ್ಕೊಂಡು ಹೋಗ್ಲಿ" ಎನ್ನುತ್ತಾಳೆ ಹೆಂಡತಿ.

ಸಿಂಧನೂರಿನ ಬೈಕಿನವರು ನಾಯಿಗೆಂದು ಬ್ರೇಕ್ ಹಾಕುವವರಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿ ಸುತ್ತ ಕಲ್ಲಿಟ್ಟರೆ ಮಾತ್ರ ಅದೇ ಮಂದಿ ಪ್ರದಕ್ಷಿಣೆ ಹಾಕಿದಂತೆ ಸುತ್ತಿಕೊಂಡು ಹೋಗುತ್ತಾರೆ. ಜೀವಕ್ಕಿಲ್ಲದ ಮರ್ಯಾದೆ ಕಾಳಿಗೆ! ಹೊಟ್ಟೆ ಉರಿದರೂ, ಆ ಕಲ್ಲುಗಳ ಒಳಗೆ, ಭತ್ತದ ಅಂಚಿನಲ್ಲೇ ನಾಯಿಯನ್ನು ನಡೆಸುವುದು ನನ್ನ ರೂಢಿಯಾಯಿತು.

ಮೊನ್ನೆ ಒಬ್ಬ ಫೋನಿನಲ್ಲಿ ಮಾತಾಡುತ್ತಾ ಬೈಕನ್ನು ಕಲ್ಲಿನೊಳಗೇ ನುಗ್ಗಿಸಿ, ನಾಯಿಗೆ ಗೇಣಿನಷ್ಟು ದೂರದಲ್ಲಿ ಹಾದುಹೋದ.

"ಲೇ, ಕಣ್ಣ ಎಲ್ಲಿಟ್ಟಿಯಲೇ? ಜೀವ ಐತಿ ಇಲ್ಲಿ!" ಎಂದು ಕಿರುಚಿದೆ.

ಅವನು ತಿರುಗಿ ನಕ್ಕ: "ಏ ಕಾಕಾ, ಇಲಿ ಹಿಡ್ಕೊಂಡು ರಸ್ತೆಗ್ಯಾಕ ಬಂದೀರಿ?"

ನನಗೆ ಮೈಯೆಲ್ಲ ಉರಿಯಿತು. ಅವನಿಗೆ, ಅವನ ಬೈಕಿಗೆ, ಅವನಿಗೆ ಲೈಸೆನ್ಸು ಕೊಟ್ಟವರಿಗೆ ಬೈಯುತ್ತಾ, ಕೈ ಬೀಸುತ್ತಾ ಒಂದು ಹೆಜ್ಜೆ ಹಿಂದಿಟ್ಟೆ. ಕುಂಯ್ ಎಂದಿತು.

ಭತ್ತಕ್ಕೆ ಕೈಯಾಡಿಸುತ್ತಿದ್ದ ಮುದುಕಿ ತಲೆಯೆತ್ತಿದಳು: "ಅಂವ ದಾಟಿ ಹೋದ ಬಿಡ್ರಿ. ತುಳದಾವ್ರು ನೀವ ನೋಡ್ರಿ."

ನಾಯಿಯ ಮುಂಗಾಲಿನ ಒಂದು ಬೆರಳು ನನ್ನ ಹಿಮ್ಮಡಿಯ ಕೆಳಗಿತ್ತು.