ಮೂರನೆಯ ಪೆಟ್ಟಿಗೆಯ ಜಾಗ

ಹ್ಯಾರಿಸ್ ದ್ವೀಪದ ಪೂರ್ವದ ಕಡೆ ಹೆಣ ಹೂಳುವಷ್ಟು ಮಣ್ಣಿಲ್ಲ. ಬರೀ ಬಂಡೆ. ಬದುಕಿರುವವರಿಗೆ ಹೇಗೋ ಸಾಗುತ್ತದೆ; ಕಡಲಪಾಚಿ ಹೊತ್ತು ತಂದು, ಬಂಡೆಯ ಮೇಲೆ ಏರಿ ಕಟ್ಟಿ, ನಮ್ಮ ಹಿರಿಯರು ಆಲೂಗಡ್ಡೆ ಬೆಳೆದುಕೊಂಡರು. ಸತ್ತವರನ್ನು ಮಾತ್ರ ಗುಡ್ಡ ದಾಟಿಸಿ ಪಶ್ಚಿಮದ ಬಿಳಿ ಮರಳಿಗೆ ಒಯ್ಯಬೇಕು. ಅಲ್ಲಿ ಮನೆತನಕ್ಕೊಂದು ಗುಂಡಿ. ಗುಂಡಿಗೆ ಮೂರು ಪೆಟ್ಟಿಗೆ, ಒಂದರ ಮೇಲೊಂದು. ಗುಂಡಿಗೊಂದು ಹಕ್ಕುಪತ್ರ.

ಡೊಲೀನತ್ತೆಯ ತವರಿನವರು ಮ್ಯಾಕಾಸ್ಕಿಲ್‌ಗಳು. ಅವರ ಗುಂಡಿಯ ತಳದಲ್ಲಿ ಅವಳ ಅಜ್ಜ ನಾರ್ಮನ್ ಇದ್ದಾನೆ. ಅಪ್ಪ ಮೀನಿಗೆ ಹೋದವನು ಹಿಂದೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅಜ್ಜನ ಮೇಲೆ ಅವಳ ಮಗಳು ಕ್ಯಾಟ್ರಿಯೋನಾ, ಆರು ವರ್ಷದವಳು. ಅದರ ಮೇಲಿನ ಜಾಗ ಖಾಲಿ. ಆ ಜಾಗ ತನ್ನದೆಂದು ಡೊಲೀನತ್ತೆ ಮೂವತ್ತು ವರ್ಷ ನಂಬಿಕೊಂಡಿದ್ದಳು.

ಮಗುವನ್ನು ಮಣ್ಣು ಮಾಡಿದ ಜನವರಿಯಲ್ಲಿ ನಮ್ಮಲ್ಲಿ ಹೆಂಗಸರು ಗುಂಡಿಯ ಹತ್ತಿರ ಹೋಗುವ ವಾಡಿಕೆ ಇರಲಿಲ್ಲ. ಗಂಡಸರು ಪೆಟ್ಟಿಗೆ ಹೊತ್ತರು, ಗಂಡಸರೇ ಸಲಿಕೆ ಹಿಡಿದು ಮುಚ್ಚಿದರು. ಅವಳು ರಸ್ತೆಯಲ್ಲಿ ನಿಂತಿದ್ದಳು. ಗಾಳಿಗೆ ಮರಳು ಹಾರಿ ಕಣ್ಣಿಗೆ ಬಿದ್ದು, ಕೊನೆಯ ಹೊತ್ತು ಅದೂ ಕಾಣಲಿಲ್ಲ.

"ಅವತ್ತು ಇಳಿಯೋಕೆ ಬಿಡ್ಲಿಲ್ಲ. ನನ್ನ ಸರದಿ ಬಂದಾಗ ಯಾರ್ ತಡೀತಾರೋ ನೋಡ್ತೀನಿ" ಎನ್ನುತ್ತಿದ್ದಳು.

ಜ್ವರದಲ್ಲಿದ್ದ ಮಗುವಿನ ಹಣೆ ಮುಟ್ಟಿ "ಬೆಳಗಾಗ್ಲಿ, ನೋಡೋಣ" ಎಂದವನು ಅವಳ ಗಂಡ ಈವನ್. ಬೆಳಗಾಗುವಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಆಮೇಲೆ ಅವಳು ಅವನ ಜೊತೆ ಒಂದು ಸೂರಿನಡಿ ಇರಲಿಲ್ಲ. ಈವನ್ ನನ್ನ ತಾಯಿಯ ಅಣ್ಣ, ನನಗೆ ಸೋದರಮಾವ. ಕೊನೆಯವರೆಗೂ ನಮ್ಮ ಮನೆಯಲ್ಲೇ ಇದ್ದ.

ಡೊಲೀನತ್ತೆ ಊರಿನ ಶಾಲೆಯಲ್ಲಿ ಅಡುಗೆಯವಳು. ಅವಳ ಬಾರ್ಲಿ ಸಾರು ಉಂಡೇ ನಾವೆಲ್ಲ ಬೆಳೆದದ್ದು. ಬುಧವಾರ ಮಧ್ಯಾಹ್ನ ಮಾತ್ರ ಹಳೆಯ ಶಾಲಾ ಕಟ್ಟಡದ ಚರಿತ್ರೆ ಕೋಣೆಯಲ್ಲಿ ಕೂರುತ್ತಿದ್ದಳು. ಕೆನಡಾದಿಂದಲೋ ನ್ಯೂಜಿಲೆಂಡಿನಿಂದಲೋ ಬೇರು ಹುಡುಕಿಕೊಂಡು ಬಂದವರು ಅವಳೆದುರು ಕೈಕಟ್ಟಿ ನಿಲ್ಲಬೇಕು. ಏಳು ತಲೆಮಾರು ಅವಳ ನಾಲಗೆಯ ತುದಿಯಲ್ಲಿತ್ತು. ದಯೆ ಮಾತ್ರ ಅಲ್ಲಿರಲಿಲ್ಲ.

"ನಮ್ಮದು ದೊರೆಗಳ ವಂಶ ಅಂತ ಅಜ್ಜಿ ಹೇಳ್ತಿದ್ರು" ಎಂದು ಒಬ್ಬ ಹೆಂಗಸು ನಾಚಿಕೊಂಡು ಹೇಳಿದಾಗ ಅತ್ತೆ ಕನ್ನಡಕ ತೆಗೆದಳು.

"ದೊರೆ ಮನೆಯೋರು ಹಡಗು ಹತ್ತಲಿಲ್ಲ ತಾಯಿ, ಬಡವರನ್ನ ಊರು ಬಿಡಿಸಿ ಹತ್ತಿಸಿದ್ರು. ನಿಮ್ಮೋನು ಕುರಿ ಕದ್ದು ಸಿಕ್ಕಿಬಿದ್ದಿದ್ದ. ಮದುವೆಗೆ ಮುಂಚೆ ಒಂದು ಮಗೂನೂ ಇತ್ತು. ಹೆಸರು ಬೇಕಾ?"

ಆ ಹೆಂಗಸಿನ ಜೊತೆ ಬಸ್ಸಿನ ತುಂಬ ಜನ ಬಂದಿದ್ದರು, ಎಲ್ಲರೂ ಕೇಳಿಸಿಕೊಂಡರು. "ಕಾಗದ ಹೇಳಿದ್ದೇ ಸರಿ" ಎನ್ನುವುದು ಅತ್ತೆಯ ಮಾತು. ಆದರೆ ಬಂದವರು ಯಾರೂ ಬರಿಗೈಯಲ್ಲಿ ಹೋಗಿರಲಿಲ್ಲ. ಆ ಹೆಮ್ಮೆ ಅವಳಿಗಿತ್ತು.

ಈವನ್ ಮಾವನಿಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದು ಗೊತ್ತಾದ ವರ್ಷ ನನಗೆ ಹದಿನಾಲ್ಕು. ಅಮ್ಮ ಹೇಳಿಕಳಿಸಿದ್ದರಿಂದ ಡೊಲೀನತ್ತೆ ನಮ್ಮ ಅಡುಗೆಮನೆಗೆ ಬಂದಳು. ಕೋಟು ಬಿಚ್ಚದೆ ಕುಳಿತಳು. ಮಾವ ಟೊಪ್ಪಿಯನ್ನು ಕೈಯಲ್ಲಿ ಹಿಂಡುತ್ತ ಕೇಳಿದ.

"ನಾನೇ ಮೊದಲು ಹೋಗ್ತಿದೀನಿ ಡೊಲೀನಾ. ನನ್ನನ್ನ ಮಗು ಹತ್ರ ಹಾಕಿಬಿಡು. ಕಾಗದ ನಿಂದೇ ಇರ್ಲಿ."

"ಆ ಗುಂಡಿ ಮ್ಯಾಕಾಸ್ಕಿಲ್‌ಗಳದು. ನೀನು ಮ್ಯಾಕ್ಲೌಡ್. ನಿನ್ನ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲ."

"ಮಗು ಮ್ಯಾಕ್ಲೌಡ್ ಅಲ್ವೇನೇ?"

"ಮಗು ನನ್ನ ಹೊಟ್ಟೆದು. ನೀನು ಬೆಳಗಾಗ್ಲಿ ಅಂದೋನು. ಇಲ್ಲೇ ಕೂತು ಕಾಯ್ತಿರು, ಬೆಳಗಾಗುತ್ತೆ."

ಚಹಾ ಮುಟ್ಟದೆ ಎದ್ದು ಹೋದಳು. ಮಾವ ತೀರಿಕೊಂಡಾಗ ಅವನನ್ನು ಸ್ಮಶಾನದ ಗೋಡೆಯಾಚೆಯ ಹೊಸ ಭಾಗದಲ್ಲಿ, ಪ್ರವಾಸಿಗರು ಕಾರು ನಿಲ್ಲಿಸುವ ಕಡೆ ಇಟ್ಟರು.

ಎಂಟು ವರ್ಷದ ಮೇಲೆ, ನಾನು ಕಾಲೇಜು ಮುಗಿಸಿ ಬಂದು ಬುಧವಾರಗಳಲ್ಲಿ ಅತ್ತೆಯ ಪತ್ರ ಟೈಪ್ ಮಾಡಿಕೊಡುತ್ತಿದ್ದಾಗ, ಆಸ್ಟ್ರೇಲಿಯಾದ ಬ್ಯಾಲರಾಟ್ ಎಂಬ ಊರಿನಿಂದ ಒಂದು ಲಕೋಟೆ ಬಂತು. ಬರೆದವನು ವಾರಿಕ್ ಮ್ಯಾಕಾಸ್ಕಿಲ್. ಅಜ್ಜನ ಹೆಸರು ಆಂಗಸ್, ನಿಮ್ಮ ದ್ವೀಪದವನು, ಬೇರೇನೂ ಗೊತ್ತಿಲ್ಲ ಎಂದಿದ್ದ. ಜೊತೆಗೆ ಆ ಅಜ್ಜನ ಬೈಬಲಿನ ಮೊದಲ ಪುಟದ ಫೋಟೋ.

ಡೊಲೀನತ್ತೆ ಆ ಪುಟವನ್ನು ನೋಡುತ್ತಲೇ ಇದ್ದಳು. ಮೂಲೆಯಲ್ಲಿ ಮಕ್ಕಳ ಹುಟ್ಟಿದ ದಿನಗಳನ್ನು ಬರೆದ ಕೈ ಅವಳ ಅಜ್ಜ ನಾರ್ಮನ್ನನದು. ಆಂಗಸ್ ಅವಳ ಅಪ್ಪನ ಅಣ್ಣ. ಕುರಿ ಕಾಯಲು ಹೋಗಿ ಅಲ್ಲೇ ಸತ್ತ, ಹೆಂಡತಿ ಮಕ್ಕಳಿಲ್ಲ ಎಂದೇ ಎಲ್ಲರೂ ತಿಳಿದಿದ್ದರು.

"ನಂಗೂ ಒಬ್ಬ ನೆಂಟ ಸಿಕ್ಕಿದ ಕಣೇ!" ಎಂದು ನನ್ನ ಕೈ ಹಿಡಿದಳು. ಎಷ್ಟೋ ಜನರಿಗೆ ನೆಂಟರನ್ನು ಹುಡುಕಿಕೊಟ್ಟವಳು ಅಂದು ತನಗಾಗಿ ಹುಡುಕಲು ಕೂತಳು.

ಹಡಗಿನ ಪಟ್ಟಿ, ಮದುವೆಯ ದಾಖಲೆ, ಎಲ್ಲ ತರಿಸಿದಳು. 'ವಂಶವೃಕ್ಷಕ್ಕೆ ಸಹಿ ಹಾಕಿ ಕಳಿಸಿ ಅತ್ತೆ, ಗೋಡೆಗೆ ಹಾಕಿಕೊಳ್ಳುತ್ತೇನೆ' ಎಂದು ಅವನು ಬರೆದ. ಅವಳು ಹೇಳಿದಂತೆ ನಾನು ಟೈಪ್ ಮಾಡಿದೆ: ನಾರ್ಮನ್, ಅವನ ಹಿರಿಯ ಮಗ ಆಂಗಸ್, ಆಂಗಸನ ಸಂತಾನದಲ್ಲಿ ಉಳಿದಿರುವವನು ವಾರಿಕ್ ಒಬ್ಬನೇ. 'ಹಿರಿಯ' ಎನ್ನುವಲ್ಲಿ ನನ್ನ ಬೆರಳು ನಿಂತಿತು. ಗುಂಡಿಯ ಹಕ್ಕು ಹಿರಿಯ ಮಗನ ಸಾಲಿಗೆ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಖುಷಿಯಲ್ಲಿ ಅವಳಿಗೆ ಅದು ಹೊಳೆದಿರಲಿಲ್ಲ. ನನಗೆ ಟೊಪ್ಪಿ ಹಿಂಡುತ್ತಿದ್ದ ಮಾವನ ಕೈ ನೆನಪಾಯಿತು. ಆ ಪದ ಮುಗಿಸಿ ಮುಂದಿನ ಸಾಲಿಗೆ ಹೋದೆ.

ಜೂನ್‌ನಲ್ಲಿ ವಾರಿಕ್ ಬಂದ. ಐವತ್ತೆಂಟರ ಮೇಲಿನ ಎತ್ತರದ ಆಳು. ಮದುವೆಯಿಲ್ಲ, ಎದೆಯಲ್ಲಿ ಒಂದು ಆಪರೇಷನ್ ಆಗಿತ್ತು. ನಾರ್ಮನ್ನನ ಸಮಾಧಿಯ ಹುಲ್ಲಿನ ಮೇಲೆ ಮೊಣಕಾಲೂರಿ ಮಗುವಿನ ಹಾಗೆ ಅತ್ತ. ಅತ್ತೆ ಅವನ ಬೆನ್ನು ಸವರಿದಳು. ಸಮಾಧಾನಕ್ಕೋ ಹೆಮ್ಮೆಗೋ, ಅವಳೇ ಹೇಳಿದಳು: "ಇದರ ಕಾಗದ ಹಿರಿಯೋನ ಸಾಲಿಗೆ ಬರೋದು. ನಿನ್ನಜ್ಜ ಇಲ್ಲೇ ಇದ್ದಿದ್ರೆ ಈ ಜಾಗ ನಿಂದೇ ಆಗ್ತಿತ್ತು ನೋಡು!" ಹೇಳಿ ನಕ್ಕಳು.

ಅವನು ಅಳು ನಿಲ್ಲಿಸಿ ತಲೆಯೆತ್ತಿದ.

ಎರಡು ವಾರಕ್ಕೆ ಸ್ಮಶಾನದ ಕಚೇರಿಯಿಂದ ಪತ್ರ ಬಂತು. ತಾವೇ ಸಹಿ ಮಾಡಿದ ವಂಶವೃಕ್ಷದ ಆಧಾರದ ಮೇಲೆ ಹಕ್ಕು ವಾರಿಕ್ ಮ್ಯಾಕಾಸ್ಕಿಲ್ ಅವರಿಗೆ ಸೇರಿದೆ, ಉಳಿದ ಒಂದು ಜಾಗವನ್ನು ಅವರು ತಮಗಾಗಿ ಕಾದಿರಿಸಿದ್ದಾರೆ.

ನಾನೇ ಕಾರು ಓಡಿಸಿಕೊಂಡು ಅವನ ಬಾಡಿಗೆ ಮನೆಗೆ ಅತ್ತೆಯನ್ನು ಕರೆದೊಯ್ದೆ. ಅವನು ಸಂಭ್ರಮದಿಂದ ಚಹಾ ಬಗ್ಗಿಸಿದ.

"ಸತ್ರೆ ಎಲ್ಲಿಗೆ ಹೋಗ್ಬೇಕು ಅಂತಾನೇ ನಂಗೆ ಗೊತ್ತಿರ್ಲಿಲ್ಲ ಅತ್ತೆ. ನಿಮ್ಮಿಂದ ಗೊತ್ತಾಯ್ತು."

"ನಿಮ್ಮೂರಲ್ಲಿ ಮಣ್ಣಿಲ್ವೇನೋ?"

"ಬೇಕಾದಷ್ಟಿದೆ. ಅಜ್ಜ, ಅಪ್ಪ ಎಲ್ಲರನ್ನೂ ಸುಟ್ಟು ಬೂದಿ ಹಾರಿಸಿದ್ರು; ಅದ್ರೊಳಗೆ ನಮ್ಮೋರು ಯಾರೂ ಇಲ್ಲ."

"ಅಲ್ಲಿ ನನ್ನ ಮಗಳಿದಾಳೆ ಕಣೋ."

"ಅವಳೂ ನಮ್ಮ ರಕ್ತಾನೇ ಅಲ್ವಾ? ನಾನು ನೋಡ್ಕೋತೀನಿ."

ಡೊಲೀನತ್ತೆ ಯಾರನ್ನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಕಾಗದ ನಿಂದೇ ಇರ್ಲಪ್ಪಾ. ನನ್ನೊಬ್ಬಳನ್ನ ಒಳಗೆ ಬಿಟ್ಬಿಡು."

ಅವನು ನಿಜಕ್ಕೂ ನೊಂದವನಂತೆ ಅವಳ ಕೈ ಹಿಡಿದುಕೊಂಡ. "ಕಾಗದ ಹೇಳಿದ್ದೇ ಸರಿ ಅಂತ ನೀವೇ ಹೇಳ್ತಿದ್ರಲ್ಲ ಅತ್ತೆ? ನಿಮ್ಗೆ ಈ ದ್ವೀಪ ಪೂರ್ತಿ ಇದೆ. ನಂಗೆ ಇರೋದು ಇಷ್ಟೇ."

ಸೆಪ್ಟೆಂಬರಿನಲ್ಲಿ ಹೊಸ ಕಲ್ಲು ಬಂತು. ಕಪ್ಪು, ಮುಖ ಕಾಣುವಷ್ಟು ನುಣುಪು. ನಾರ್ಮನ್, ಆ ಗುಂಡಿಯಲ್ಲಿ ಇಲ್ಲದ ಆಂಗಸ್, ವಾರಿಕ್. ವಾರಿಕನ ಹುಟ್ಟಿದ ಇಸವಿಯ ಮುಂದೆ ಒಂದು ಗೆರೆ ಮತ್ತು ಖಾಲಿ. ಬುಡದಲ್ಲಿ ಸಣ್ಣ ಅಕ್ಷರದಲ್ಲಿ, 'ಮತ್ತು ಕುಟುಂಬದ ಒಂದು ಮಗು'. ಮಗುವಿನ ಮನೆತನದ ಹೆಸರು ಬೇರೆಯಾದ್ದರಿಂದ ಮುಂದೆ ಓದುವವರಿಗೆ ಗೊಂದಲವಾಗಬಾರದೆಂದು ಹಾಗೆ ಹಾಕಿಸಿದೆ ಎಂದು ಅವನು ಬ್ಯಾಲರಾಟ್‌ಗೆ ಮರಳಿ ಅಲ್ಲಿಂದ ಬರೆದಿದ್ದ.

"ಏನ್ ಡೊಲೀನಾ, ನೆಂಟನಿಗೆ ಹಾಸಿಗೆ ಬಿಟ್ಕೊಟ್ಯಂತೆ?" ಎಂದು ಅಂಚೆ ಗಾಡಿಯ ಕ್ಯಾಲಮ್ ಅಂಗಡಿಯೊಳಗೆ ಎಲ್ಲರಿಗೂ ಕೇಳುವಂತೆ ಕೂಗಿದ. ಯಾರೂ ಅವನನ್ನು ಗದರಲಿಲ್ಲ. ಅವಳ ನಾಲಗೆಯ ಏಟು ತಿನ್ನದ ಮನೆ ಊರಲ್ಲಿ ಇರಲಿಲ್ಲ. ಅವಳು ಬ್ರೆಡ್ಡು ತೆಗೆದುಕೊಂಡು ಹೊರಗೆ ಬಂದಳು.

ಬೇರೆ ಜಾಗವೇನಾದರೂ ಇದೆಯೇ ಎಂದು ನಾನೇ ಕಚೇರಿಗೆ ಫೋನು ಮಾಡಿದೆ. ಗುಮಾಸ್ತೆ ದನಿ ಇಳಿಸಿ ಮಾತಾಡಿದಳು. "ಹೊಸ ಭಾಗದಲ್ಲಿದೆಯಲ್ಲ ಮೇಡಂ. ಈವನ್ ಮ್ಯಾಕ್ಲೌಡ್ ಅವರ ಮೇಲೆ. ಡೊಲೀನಾ ಅವರು ವಿಚ್ಛೇದನ ಕೊಟ್ಟಿಲ್ಲ ತಾನೆ? ಹಾಗಿದ್ರೆ ಕಾಗದ ಎಲ್ಲ ಸರಿ ಇದೆ."

ಅದನ್ನು ಹೇಳಿದಾಗ ಅತ್ತೆ, "ಕಾಯ್ತಿರು ಅಂದಿದ್ದೆ ಅವನಿಗೆ" ಎಂದಳು.

ಬುಧವಾರ ಬಂತು. ನ್ಯೂಜಿಲೆಂಡಿನ ಒಬ್ಬ ಮುದುಕಿಯ ಪತ್ರವಿತ್ತು. ನಡುಗುವ ಕೈಬರಹ. ನನ್ನ ಮುತ್ತಜ್ಜಿ ಓಯ್ರಿಕ್, ರೋರಿಯ ಮಗಳು, ನಿಮ್ಮ ಹಳ್ಳಿಯವಳಂತೆ. ಡಾಕ್ಟರು ಹೆಚ್ಚು ದಿನ ಕೊಟ್ಟಿಲ್ಲ, ಅವಳ ಮನೆ ಎಲ್ಲಿತ್ತೆಂದು ತಿಳಿದರೆ ಸಾಕು.

ರೋರಿಯ ಮನೆಯ ಮುರುಕು ಗೋಡೆ ಚರಿತ್ರೆ ಕೋಣೆಯ ಕಿಟಕಿಯ ನೇರಕ್ಕೇ ಇದೆ. ಒಲೆಯಿದ್ದ ಜಾಗದಲ್ಲಿ ಕುರಿಯೊಂದು ಮಲಗಿ ಮೆಲುಕು ಹಾಕುತ್ತಿತ್ತು. ಡೊಲೀನತ್ತೆ ಆ ಗೋಡೆಯನ್ನು ನೋಡುತ್ತಲೇ ಹೇಳಿದಳು.

"ಬರಿ. ಅಂಥವರು ಯಾರೂ ಇಲ್ಲಿರಲಿಲ್ಲ."

ನಾನು ಅವಳ ಮುಖ ನೋಡಿದೆ.

"ಬರಿಯೇ."

ಬರೆದೆ. ಅವಳು ಸಹಿ ಹಾಕಿ, ಲಕೋಟೆಯ ಅಂಚನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿ, ಮುಂದಿನ ಪತ್ರಕ್ಕೆ ಕೈಚಾಚಿದಳು.